ಮೇಜಿನ ಮೇಲಿನ ಯುದ್ಧದಲ್ಲಿ ದೃಷ್ಟಿರೇಖೆ, ಮರೆ ಮತ್ತು ಕಾಪು

(ಅಂತಿಮ ಬಿ.ಎ. ವಿದ್ಯಾರ್ಥಿಯೊಬ್ಬನಿಂದ)

ಆಟವೊಂದನ್ನು ಕುರಿತ ಬರಹವು ಕಾಲೇಜಿನ ವಾರ್ಷಿಕ ಸಂಚಿಕೆಗೆ ತಕ್ಕುದೇ ಎಂದು ಕೆಲವರು ಕೇಳಬಹುದು. ಕ್ರಿಕೆಟ್ಟಿಗೂ ಕಬಡ್ಡಿಗೂ ಪುಟಗಳನ್ನು ಬಿಟ್ಟುಕೊಡುವ ಸಂಪಾದಕರು ಈ ಆಟಕ್ಕೂ ಕೊಂಚ ಜಾಗ ಕೊಡುವರೆಂಬ ಧೈರ್ಯದಿಂದ ಬರೆಯಲು ತೊಡಗಿದ್ದೇನೆ. ನಾನು ಹೇಳಹೊರಟಿರುವುದು ಕಿರುಗೊಂಬೆಗಳ ಯುದ್ಧದಾಟದ ವಿಷಯ. ಒಂದು ಮೇಜು, ಅದರ ಮೇಲೆ ಗುಡ್ಡ, ಮರ, ಗೋಡೆ, ಮುರುಕು ಮನೆ ಇವುಗಳ ಸಣ್ಣ ಮಾದರಿಗಳು, ಅವುಗಳ ನಡುವೆ ಹೆಬ್ಬೆರಳಿಗಿಂತ ಗಿಡ್ಡರಾದ ಸೈನಿಕರು. ಇಬ್ಬರು ಆಟಗಾರರು ಸರದಿಯ ಮೇಲೆ ತಂತಮ್ಮ ಸೈನಿಕರನ್ನು ಅಂಗುಲಪಟ್ಟಿಯಿಂದ ಅಳೆದು ನಡೆಸುತ್ತಾರೆ. ದಾಳ ಉರುಳಿಸಿ ಗುಂಡು ಹಾರಿಸುತ್ತಾರೆ. ಚದುರಂಗದ ಹಾಸಿನಲ್ಲಿ ಆನೆಯ ದಾರಿಗೆ ಕಾಲಾಳು ಅಡ್ಡ ನಿಂತಿದ್ದರೆ ಆನೆ ಮುಂದೆ ಹೋಗಲಾರದೆಂಬುದು ಎಲ್ಲರಿಗೂ ಸ್ಪಷ್ಟ. ಅಲ್ಲಿ ವಾದಕ್ಕೆ ಎಡೆಯಿಲ್ಲ. ಈ ಮೇಜಿನ ಮೇಲೆ ಗೆರೆ ಎಳೆದ ಮನೆಗಳಿಲ್ಲ. ಆದುದರಿಂದ ಈ ಸೈನಿಕನು ಆ ಸೈನಿಕನನ್ನು ಕಾಣಬಲ್ಲನೆ, ಕಂಡರೂ ಹೊಡೆಯಬಲ್ಲನೆ ಎಂಬ ಪ್ರಶ್ನೆ ಪ್ರತಿಯೊಂದು ಸರದಿಯಲ್ಲಿಯೂ ಏಳುತ್ತದೆ.

ಈ ಪ್ರಶ್ನೆ ನನ್ನ ಪಾಲಿಗೆ ಬರಿಯ ಆಟದ ಪ್ರಶ್ನೆಯಾಗಿ ಉಳಿಯಲಿಲ್ಲ. ಕಳೆದ ವರ್ಷ ವಿದ್ಯಾರ್ಥಿನಿಲಯದಲ್ಲಿ ನನ್ನ ಕೊಠಡಿಯ ಗೆಳೆಯನಿಗೆ ಅವನ ಸೋದರಮಾವ ಪರದೇಶದಿಂದ ಒಂದು ಪೆಟ್ಟಿಗೆ ತಂದುಕೊಟ್ಟರು. ಎರಡನೆಯ ಮಹಾಯುದ್ಧದ ಪ್ಲಾಸ್ಟಿಕ್ ಸೈನಿಕರು. ಒಬ್ಬನು ಮೊಣಕಾಲೂರಿದ್ದರೆ ಇನ್ನೊಬ್ಬನು ಓಡುತ್ತಿದ್ದಾನೆ, ಮತ್ತೊಬ್ಬನು ಕೈಯೆತ್ತಿ ಕೂಗುತ್ತಿದ್ದಾನೆ. ಆದರೆ ಪೆಟ್ಟಿಗೆಯಲ್ಲಿದ್ದುದು ಒಂದು ಪಕ್ಷದ ಸೇನೆ ಮಾತ್ರ. ಇನ್ನೊಂದು ಪೆಟ್ಟಿಗೆಯ ಬೆಲೆ ಕೇಳಿ ನಾನು ಸುಮ್ಮನಾದೆ. ಮದುವೆಯ ಕರೆಯೋಲೆಗಳ ರಟ್ಟನ್ನು ಕತ್ತರಿಸಿ, ಹಸಿರು ಬಳಿದು, ಸೋಡಾ ಬಾಟಲಿಯ ಮುಚ್ಚಳಗಳಿಗೆ ಅಂಟಿಸಿ, ಬರ್ಮಾದ ಗಡಿಯಲ್ಲಿ ಹೋರಾಡಿದ ಭಾರತೀಯ ಸೈನಿಕರೆಂದು ೩೦ ಜನರನ್ನು ನಿಲ್ಲಿಸಿದೆ. ಟ್ರಂಕು ಗುಡ್ಡವಾಯಿತು, ನಿಘಂಟು ಕಲ್ಲುಗೋಡೆಯಾಯಿತು.

ಒಂದು ಭಾನುವಾರ ನನ್ನ ಐವರು ನಿಘಂಟಿನ ಹಿಂದೆ ನಿಂತಿದ್ದರು. ಅವನ ಕಡೆಯವರಲ್ಲಿ ಒಬ್ಬನ ಹೊರತು ಉಳಿದವರಿಗೆಲ್ಲ ಟ್ರಂಕು ಅಡ್ಡವಾಗಿತ್ತು. ಆ ಒಬ್ಬನ ಹಿಂದೆ ಗೆಳೆಯನು ನೆಲಕ್ಕೆ ಕೆನ್ನೆಯಿಟ್ಟು ನೋಡಿದ. ರಟ್ಟಿನ ಸೈನಿಕರು ಅವನಿಗೆ ಅಂಚು ತೋರಿಸಿ ನಿಂತಿದ್ದುದರಿಂದ ನಿಘಂಟಿನ ಬದಿಯಲ್ಲಿ ಅವನಿಗೆ ಕಂಡುದು ಕೂದಲೆಳೆಯಷ್ಟು ಗೆರೆಗಳು. "ಇವರು ಇದ್ದಾರೆ, ಆದರೆ ಕಾಣುವುದಿಲ್ಲ. ನೀನು ಬೇಕೆಂದೇ ಹೀಗೆ ಮಾಡಿದ್ದೀಯ. ಇದು ಮೋಸ" ಎಂದವನೇ ಸಿಟ್ಟಿನಿಂದ ದಾಳ ಹಾಕಿದ. ೪ ಬಿತ್ತು. "ಬಿದ್ದ ನಿನ್ನವನು" ಎಂದ. ನಾನು ಒಪ್ಪಲಿಲ್ಲ. ರಟ್ಟಿನಲ್ಲಿ ಮಾಡಿದುದು ಮೋಸಕ್ಕಲ್ಲ, ಕಾಸಿಲ್ಲದ್ದಕ್ಕೆ ಎಂಬ ಮಾತು ಬಾಯಿಯವರೆಗೆ ಬಂದು ನಿಂತಿತು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಇಲ್ಲಿ ನನ್ನಲ್ಲಿ ಇಲ್ಲದಿರುವುದು ಬಹಳವಿದೆಯೆಂದು ಬಲ್ಲೆ, ಆದರೆ ಮೋಸಗಾರನೆಂದು ಯಾರಿಂದಲೂ ಕರೆಸಿಕೊಂಡಿರಲಿಲ್ಲ. ಒಂದು ತಿಂಗಳು ಆಟ ನಿಂತಿತು. ಆ ತಿಂಗಳಿನಲ್ಲಿ, ನಮ್ಮಿಬ್ಬರಲ್ಲಿ ಯಾರದು ಸರಿಯೆಂದು ತಿಳಿಯಬೇಕೆಂಬ ಹಟದಿಂದ, ಈ ಆಟವನ್ನು ಕಟ್ಟಿದವರು ದೃಷ್ಟಿಯ ವಿಷಯದಲ್ಲಿ ಏನೇನು ನಿಯಮ ಮಾಡಿದ್ದಾರೆಂದು ಓದತೊಡಗಿದೆ.

ಮೊದಲು ಎರಡು ಮಾತುಗಳನ್ನು ಬೇರ್ಪಡಿಸಬೇಕು. ಎನ್.ಸಿ.ಸಿ. ತರಬೇತಿಯಲ್ಲಿದ್ದವರಿಗೆ ಇದು ಪರಿಚಿತ ಪಾಠ. ಸೈನಿಕನು ಅಡಗುವುದರಲ್ಲಿ ಎರಡು ಬಗೆ: ಶತ್ರುವಿನ ಕಣ್ಣಿನಿಂದ ಅಡಗುವುದು, ಶತ್ರುವಿನ ಗುಂಡಿನಿಂದ ಅಡಗುವುದು. ಲಂಟಾನದ ಪೊದೆಯ ಹಿಂದೆ ಕುಳಿತವನು ಕಾಣುವುದಿಲ್ಲ. ಆದರೆ ಗುಂಡು ಪೊದೆಯನ್ನು ತೂರಿಕೊಂಡು ಬರುತ್ತದೆ. ಕಂದಕದಲ್ಲಿ ನಿಂತು ತಲೆಯಷ್ಟನ್ನೇ ಹೊರಗಿಟ್ಟವನು ಚೆನ್ನಾಗಿಯೇ ಕಾಣುತ್ತಾನೆ. ಆದರೆ ಅವನ ಮೈಯ ಬಹುಭಾಗಕ್ಕೆ ಮಣ್ಣಿನ ರಕ್ಷಣೆಯಿದೆ. ಆಡುಮಾತಿನಲ್ಲಿ ಎರಡನ್ನೂ ಮರೆ ಎನ್ನುತ್ತೇವೆ. ಈ ಲೇಖನದ ಮಟ್ಟಿಗೆ ಕಣ್ಣಿನಿಂದ ಅಡಗಿಸುವುದನ್ನು ಮರೆ ಎಂದೂ ಗುಂಡಿನಿಂದ ಕಾಪಾಡುವುದನ್ನು ಕಾಪು ಎಂದೂ ಕರೆಯುತ್ತೇನೆ. ನಮ್ಮ ಜಗಳದ ಅರ್ಧಭಾಗವು ಈ ಎರಡನ್ನೂ ಒಂದೇ ಎಂದು ತಿಳಿದುದರಿಂದ ಹುಟ್ಟಿತೆಂದು ಆಮೇಲೆ ನನಗೆ ಅರಿವಾಯಿತು.

ಇನ್ನು ಚರಿತ್ರೆ. ಈ ಬಗೆಯ ಆಟದ ತವರು ಪ್ರಷ್ಯ ದೇಶ. ಅಲ್ಲಿಯ ಬ್ಯಾರನ್ ಫಾನ್ ರೈಸ್ವಿಟ್ಸ್ ಎಂಬಾತನು ೧೮೧೨ರಲ್ಲಿ ದೊರೆ ಮೂರನೆಯ ಫ್ರೀಡ್ರಿಕ್ ವಿಲ್ಹೆಲ್ಮನಿಗೆ ಒಂದು ಯುದ್ಧದಾಟವನ್ನು ಒಪ್ಪಿಸಿದನು. ಅದರಲ್ಲಿ ಬೆಟ್ಟ, ಹೊಳೆ, ರಸ್ತೆಗಳನ್ನು ಉಬ್ಬುತಗ್ಗುಗಳೊಡನೆ ಗಚ್ಚಿನಲ್ಲಿ ಎರಕಹೊಯ್ದ ಚೌಕ ಬಿಲ್ಲೆಗಳಿದ್ದುವು. ಅವನ್ನು ಬೇಕಾದಂತೆ ಜೋಡಿಸಿ ನಾಡನ್ನು ಕಟ್ಟಬಹುದಾಗಿತ್ತು. ಫಿರಂಗಿದಳದ ಅಧಿಕಾರಿಯಾಗಿದ್ದ ಅವನ ಮಗನು ಬಿಲ್ಲೆಗಳನ್ನು ಬಿಟ್ಟು, ೮,೦೦೦ದಲ್ಲಿ ಒಂದು ಪ್ರಮಾಣದ ಭೂಪಟದ ಮೇಲೆ ಆಡುವಂತೆ ಆಟವನ್ನು ತಿದ್ದಿ, ೧೮೨೪ರಲ್ಲಿ ನಿಯಮಗಳನ್ನು ಪ್ರಕಟಿಸಿದನು. ಸೇನಾಮುಖ್ಯ ಮ್ಯೂಫ್ಲಿಂಗನು ಅದನ್ನು ಮೆಚ್ಚಿ ಸೈನ್ಯಕ್ಕೆ ಶಿಫಾರಸು ಮಾಡಿದನು. ಮಗನ ಆಟದಲ್ಲಿ ಸೊಗಸಾದುದು ಮಧ್ಯಸ್ಥನ ಸ್ಥಾನ. ಆಟಗಾರರು ಆಜ್ಞೆಗಳನ್ನು ಬರೆದು ಅವನ ಕೈಗೆ ಕೊಡುವರು. ಯಾವ ದಳವು ಎದುರಾಳಿಯ ಕಣ್ಣಿಗೆ ಬೀಳಬಲ್ಲುದೋ ಅದನ್ನು ಮಾತ್ರ ಮಧ್ಯಸ್ಥನು ಭೂಪಟದ ಮೇಲೆ ಇಡುವನು. ಬೆಟ್ಟದ ಹಿಂದಿರುವ ದಳವು ಭೂಪಟದಲ್ಲಿಯೇ ಇರುವುದಿಲ್ಲ. ಹೀಗಿರಲು ಕಂಡಿತೆ ಇಲ್ಲವೆ ಎಂಬ ವಾದಕ್ಕೆ ಆಸ್ಪದವೆಲ್ಲಿ? ವಾದ ಮಾಡಬೇಕಾದವನಿಗೆ ವಾದದ ವಸ್ತುವೇ ಗೊತ್ತಿರುವುದಿಲ್ಲ. ಇದಕ್ಕಿಂತ ನಿಜಕ್ಕೆ ಹತ್ತಿರವಾದ ದೃಷ್ಟಿನಿಯಮ ಇಂದಿಗೂ ಬಂದಿಲ್ಲವೆಂದೇ ನನ್ನ ಎಣಿಕೆ. ಆದರೆ ಅದಕ್ಕೆ ಆಡದೆ ಕುಳಿತಿರುವ, ಇಬ್ಬರೂ ನಂಬುವ, ಮೂರನೆಯ ಒಬ್ಬನು ಬೇಕು. ವಿದ್ಯಾರ್ಥಿನಿಲಯದಲ್ಲಿ ಅಂಥವನನ್ನು ಹುಡುಕುವುದು ಕಷ್ಟ.

ಆಟವು ಸೈನ್ಯದ ಕೊಠಡಿಯಿಂದ ಮನೆಯ ನೆಲಕ್ಕೆ ಇಳಿದುದು ಬಹುಮಟ್ಟಿಗೆ ಎಚ್. ಜಿ. ವೆಲ್ಸ್ ಮಹಾಶಯನಿಂದ. ಕಾದಂಬರಿಗಳಿಂದ ಹೆಸರಾದ ಈತನು ೧೯೧೩ರಲ್ಲಿ 'ಲಿಟಲ್ ವಾರ್ಸ್' ಎಂಬ ಪುಟ್ಟ ಪುಸ್ತಕವನ್ನು ಪ್ರಕಟಿಸಿದನು. ಅವನ ಆಟದಲ್ಲಿ ದಾಳವಿಲ್ಲ. ಸ್ಪ್ರಿಂಗಿನ ಆಟದ ಫಿರಂಗಿಯಿಂದ ಅಂಗುಲದಷ್ಟು ಉದ್ದದ ಮರದ ಕಡ್ಡಿಯನ್ನು ನಿಜವಾಗಿಯೇ ಹಾರಿಸಿ ತವರದ ಸೈನಿಕರನ್ನು ಉರುಳಿಸಬೇಕು. ಒಂಬತ್ತು ಗಜ ದೂರದಲ್ಲಿ ಹತ್ತಕ್ಕೆ ಒಂಬತ್ತು ಸಲ ಗುರಿ ಮುಟ್ಟಬಲ್ಲ ಫಿರಂಗಿಯೆಂದು ಅವನು ಹೆಮ್ಮೆಪಡುತ್ತಾನೆ. ಈ ಆಟದಲ್ಲಿ ದೃಷ್ಟಿರೇಖೆಯ ನಿಯಮವೇ ಬೇಡ. ಮನೆ ಅಡ್ಡವಿದ್ದರೆ ಕಡ್ಡಿ ಮನೆಗೆ ತಾಗಿ ಬೀಳುತ್ತದೆ. ಮರೆಯೂ ಕಾಪೂ ತಾವಾಗಿಯೇ ನಡೆದುಹೋಗುತ್ತವೆ. ಆದರೂ ಅವನಿಗೆ ತೊಡಕು ತಪ್ಪಲಿಲ್ಲ. ಟೊಳ್ಳು ಮನೆಗಳೊಳಗೆ ಸೈನಿಕರನ್ನು ಇಟ್ಟಾಗ ಗೊಂದಲವೆದ್ದುದರಿಂದ ಮನೆಗಳನ್ನು ಗಟ್ಟಿ ಇಟ್ಟಿಗೆಯ ಮುದ್ದೆಗಳಾಗಿ ಕಟ್ಟಬೇಕೆಂದು ಗೊತ್ತುಮಾಡಿದನು. ಏಟಿಗೆ ಸರಿದ ವಸ್ತುವನ್ನು ಮತ್ತೆ ಅದೇ ಜಾಗದಲ್ಲಿಡಲು ಅದರ ಸುತ್ತ ಸೀಮೆಸುಣ್ಣದ ಗೆರೆ ಎಳೆಯಬೇಕೆಂದೂ ಹೇಳಿದನು. ಆಟದ ಆರಂಭದಲ್ಲಿ ನಡುವೆ ಪರದೆ ಎಳೆದು ಒಬ್ಬರ ವ್ಯೂಹ ಇನ್ನೊಬ್ಬರಿಗೆ ಕಾಣದಂತೆ ಮಾಡುತ್ತಿದ್ದನು. ಈ ಪುಸ್ತಕ ಈಗ ಹಕ್ಕಿನ ಅವಧಿ ಮುಗಿದು ಎಲ್ಲರಿಗೂ ಬಿಟ್ಟಿಯಾಗಿ ಸಿಕ್ಕುತ್ತದೆ. ಯುದ್ಧದಲ್ಲಿ ಆಸಕ್ತಿ ಇಲ್ಲದವರೂ ಓದಿ ನಗಬಹುದು.

ಸೀಸದ ಸುಂದರ ಗೊಂಬೆಗಳಿಗೆ ಕಡ್ಡಿಯ ಏಟು ಹೊಡೆಯಲು ಯಾರಿಗೆ ಮನಸ್ಸು ಬಂದೀತು? ಬಣ್ಣ ಹಾಕಿದ ಕೈ ಅದನ್ನು ಒಪ್ಪದು. ಕ್ರಮೇಣ ಫಿರಂಗಿಯ ಸ್ಥಾನಕ್ಕೆ ದಾಳ ಬಂದಿತು. ಇಂಗ್ಲೆಂಡಿನ ಡೊನಾಲ್ಡ್ ಫೆದರ್‌ಸ್ಟೋನನು ೧೯೬೨ರಲ್ಲಿ ಬರೆದ 'ವಾರ್ ಗೇಮ್ಸ್' ಇಂಥ ಆಟವನ್ನು ಸಾವಿರಾರು ಜನಕ್ಕೆ ಕಲಿಸಿದ ಪುಸ್ತಕ. ನಮ್ಮ ಸಮಸ್ಯೆ ಹುಟ್ಟಿದುದು ಈ ಬದಲಾವಣೆಯಿಂದಲೇ. ಮರದ ಕಡ್ಡಿಯು ತಾನೇ ಗುಂಡು, ತಾನೇ ಸಾಕ್ಷಿ. ದಾಳವು ಎಷ್ಟು ಬಿತ್ತೆಂದು ಹೇಳುವುದೇ ಹೊರತು ನಡುವೆ ಗೋಡೆಯಿತ್ತೆ ಎಂದು ಹೇಳಲಾರದು. ಅದನ್ನು ಮನುಷ್ಯನ ಕಣ್ಣು ಹೇಳಬೇಕು. ಆ ಕಣ್ಣಾದರೋ ಗೆಲ್ಲಲು ಕುಳಿತವನದು.

ಇದಕ್ಕೆ ಒಂದು ಪಕ್ಷದವರು ಕೊಟ್ಟ ಉತ್ತರ: ಬಗ್ಗಿ ನೋಡು. ಗೊಂಬೆಯ ತಲೆಯ ಹಿಂದೆ ನಿನ್ನ ಕಣ್ಣಿಟ್ಟು ನೋಡಿದಾಗ ಎದುರಿನವನ ಮೈ ಕಂಡರೆ ಅವನೂ ಕಂಡಂತೆ. ಇದನ್ನು ನಿಜದೃಷ್ಟಿಯ ನಿಯಮ ಎನ್ನಬಹುದು. ೧೯೮೭ರಲ್ಲಿ ಮೊದಲು ಪ್ರಕಟವಾದ, ಇಂದು ಬಹುದೇಶಗಳಲ್ಲಿ ಆಡುವ 'ವಾರ್‌ಹ್ಯಾಮರ್ ೪೦,೦೦೦' ಎಂಬ ಆಟದ ಐದನೆಯ ಆವೃತ್ತಿಯು (೨೦೦೮) ಇದನ್ನು ಎತ್ತಿಹಿಡಿಯಿತು. ನೆಲದಲ್ಲಿ ಬಗ್ಗುವುದೆಂದರೆ ಆಟಕ್ಕೆ ಒಂದು ಕಳೆ ಬರುತ್ತದೆ. ರಟ್ಟಿನ ಗೋಡೆಯ ಸಂದಿನಿಂದ ಶತ್ರುವನ್ನು ಕಂಡಾಗ ಮೈ ಜುಮ್ಮೆನ್ನುತ್ತದೆ. ಆದರೆ ಗೊಂಬೆ ಅಲ್ಲಾಡದು. ಶಿಲ್ಪಿಯು ಅವನನ್ನು ಮೊಣಕಾಲೂರಿಸಿದ್ದರೆ ಆಟದುದ್ದಕ್ಕೂ ಅವನು ಗೋಡೆಯ ಹಿಂದೆ ಪೂರ್ತಿ ಅಡಗುವನು, ಆದರೆ ತಾನೂ ಗೋಡೆಯಾಚೆ ನೋಡಲಾರನು. ಕೈಯೆತ್ತಿ ನಿಂತವನ ಕೈ ಸದಾ ಹೊರಗಿರುವುದು. ಧ್ವಜ ಹಿಡಿದವನನ್ನು ಧ್ವಜದ ತುದಿ ಕಂಡಿತೆಂದು ಕೊಲ್ಲಬಹುದೆ? ಅದಕ್ಕಾಗಿ ಆ ಆವೃತ್ತಿಯವರು ತಲೆ, ಮುಂಡ, ಕೈಕಾಲುಗಳು ಮಾತ್ರ ಲೆಕ್ಕಕ್ಕೆ. ಆಯುಧ, ಧ್ವಜ, ರೆಕ್ಕೆ, ಬಾಲಗಳು ಲೆಕ್ಕಕ್ಕಿಲ್ಲ ಎಂದು ಬರೆಯಬೇಕಾಯಿತು. ಗೊಂಬೆಯನ್ನು ಚಿಕ್ಕದಾಗಿ, ಮಲಗಿದಂತೆ ಮಾಡಿಕೊಂಡು ಲಾಭ ಪಡೆಯುವವರೂ ಇದ್ದಾರೆ. ರಟ್ಟಿನ ಸೈನಿಕರು ಆ ಸಾಲಿಗೆ ಸೇರಿದವರೆಂದು ನನ್ನ ಗೆಳೆಯನ ಆರೋಪ. ಅವನ ದೃಷ್ಟಿಯಿಂದ ನೋಡಿದರೆ ಆರೋಪದಲ್ಲಿ ಹುರುಳಿಲ್ಲದೆ ಇಲ್ಲ: ನಿಜದೃಷ್ಟಿಯ ನಿಯಮದಲ್ಲಿ ಚಪ್ಪಟೆ ಸೈನಿಕನು ಮುಖ ತೋರಿದಾಗ ಮನುಷ್ಯ, ಬದಿ ತೋರಿದಾಗ ಮಾಯಾವಿ.

ನಿಜದೃಷ್ಟಿಗೆ ಇನ್ನೊಂದು ದೋಷವಿದೆ. ಅದು ಲೆಕ್ಕ ಹಾಕಿದಾಗಲೇ ತಿಳಿಯುವುದು. ನಮ್ಮ ಪೆಟ್ಟಿಗೆಯ ಆಟದ ಹೆಸರು 'ಬೋಲ್ಟ್ ಆ್ಯಕ್ಷನ್'. ೨೦೧೨ರಲ್ಲಿ ಹೊರಟ ಈ ಆಟದ ಗೊಂಬೆಗಳು ಸುಮಾರು ೫೬ರಲ್ಲಿ ಒಂದು ಪ್ರಮಾಣದವು. ಅದರಲ್ಲಿ ಬಂದೂಕಿನ ಗುಂಡು ಹೋಗುವ ದೂರ ೨೪ ಅಂಗುಲ. ೨೪ನ್ನು ೫೬ರಿಂದ ಗುಣಿಸಿದರೆ ೧,೩೪೪ ಅಂಗುಲ, ಎಂದರೆ ೧೧೨ ಅಡಿ. ಟೆನ್ನಿಸ್ ಅಂಗಳದ ಉದ್ದ ೭೮ ಅಡಿ. ಕೊಹಿಮಾದಲ್ಲಿ ೧೯೪೪ರಲ್ಲಿ ಡೆಪ್ಯುಟಿ ಕಮಿಷನರರ ಬಂಗಲೆಯ ಟೆನ್ನಿಸ್ ಅಂಗಳದ ಈಚೆ ಬದಿಯಲ್ಲಿ ನಮ್ಮವರೂ ಬ್ರಿಟಿಷರೂ, ಆಚೆ ಬದಿಯಲ್ಲಿ ಜಪಾನೀಯರೂ ಹೊಂಚು ಹಾಕಿದ್ದರು. ಅಂಥ ಕಡೆ ಈ ಅಳತೆ ಒಪ್ಪೀತು. ಆದರೆ ಆ ಯುದ್ಧದ ಬಂದೂಕುಗಳು ಬಯಲಿನಲ್ಲಿ ನೂರಾರು ಗಜ ದೂರಕ್ಕೆ ಗುರಿಯಿಡಬಲ್ಲವಾಗಿದ್ದುವು. ಎಂದ ಮೇಲೆ ಮೇಜಿನ ನೆಲವು ಕುಗ್ಗಿಸಿದ ನೆಲ. ಗೊಂಬೆಯ ಎತ್ತರ ಮಾತ್ರ ಕುಗ್ಗಿಸದ ಎತ್ತರ. ಒಂದು ಸಾಲಿನ ನಾಲ್ಕು ಮರಗಳು ಒಂದು ದೊಡ್ಡ ಕಾಡಿನ ಸಂಕೇತವೇ ಹೊರತು ನಾಲ್ಕು ಮರಗಳಲ್ಲ. ಅವುಗಳ ಸಂದಿನಲ್ಲಿ ಕಣ್ಣಿಟ್ಟು "ಕಾಣುತ್ತದೆ" ಎನ್ನುವುದು ಭೂಪಟದಲ್ಲಿ ಹಸಿರು ಬಣ್ಣ ತೆಳುವಾಗಿದೆಯೆಂದು ಕಾಡು ತೆಳುವೆನ್ನುವಂತೆ.

ಆದುದರಿಂದ ಇನ್ನೊಂದು ಪಕ್ಷದವರು ಕಣ್ಣನ್ನು ಬಿಟ್ಟು ಒಪ್ಪಂದವನ್ನು ಹಿಡಿದರು. 'ವಾರ್‌ಮಷೀನ್' ಎಂಬ ಆಟದ ಎರಡನೆಯ ಆವೃತ್ತಿಯಲ್ಲಿ (೨೦೧೦) ಗೊಂಬೆಯ ಆಕಾರ ಹೇಗೇ ಇರಲಿ, ಅದರ ಪೀಠದ ಅಗಲದ ಒಂದು ಕಂಬವೇ ಆ ಸೈನಿಕನೆಂದು ಭಾವಿಸಬೇಕು. ಸಣ್ಣ ಪೀಠದವನ ಎತ್ತರ ೧.೭೫ ಅಂಗುಲ, ನಡುಪೀಠದವನದು ೨.೨೫, ದೊಡ್ಡ ಪೀಠದವನದು ೨.೭೫. ಬಗ್ಗಿದ್ದರೂ ಅಷ್ಟೆ, ಕುಣಿಯುತ್ತಿದ್ದರೂ ಅಷ್ಟೆ. ಕಾಡಿನ ಮೂಲಕ ಮೂರು ಅಂಗುಲದವರೆಗೆ ದೃಷ್ಟಿ ಹಾಯುವುದು, ಅದಕ್ಕಿಂತ ಹೆಚ್ಚಾದರೆ ಇಲ್ಲ; ಮರಗಳ ಸಂದು ಲೆಕ್ಕಕ್ಕಿಲ್ಲ. ಸ್ಪೇನ್ ದೇಶದ 'ಇನ್‌ಫಿನಿಟಿ' ಎಂಬ ಆಟದವರೂ ೨೦೧೪ರ ಆವೃತ್ತಿಯಲ್ಲಿ ಇಂಥದೇ ನೆರಳಚ್ಚುಗಳನ್ನು ತಂದರು; ಸಂದೇಹ ಬಂದಾಗ ಗೊಂಬೆಯನ್ನು ತೆಗೆದು ಅದರ ಜಾಗದಲ್ಲಿ ಗೊತ್ತಾದ ಅಳತೆಯ ತುಂಡೊಂದನ್ನು ನಿಲ್ಲಿಸಿ ನೋಡುವುದು. ಸ್ವಾರಸ್ಯವೆಂದರೆ 'ವಾರ್‌ಹ್ಯಾಮರ್' ಆಟವೇ ೨೦೦೪ರಲ್ಲಿ ಗೊಂಬೆಗೂ ಕಾಡಿಗೂ ೧, ೨, ೩ ಎಂಬ ಎತ್ತರದ ದರ್ಜೆಗಳನ್ನಿಟ್ಟಿತ್ತು. ೨೦೦೮ರಲ್ಲಿ ಅವನ್ನು ಬಿಟ್ಟು ನಿಜದೃಷ್ಟಿಗೆ ಹೋಯಿತು. ೨೦೨೦ರಲ್ಲಿ, ಐದು ಅಂಗುಲ ಎತ್ತರದ ಕೆಲವು ಪಾಳುಕಟ್ಟಡಗಳ ಕಿಟಕಿಗಳಲ್ಲಿ ಆಚೆಯವನು ಕಂಡರೂ ಕಂಡಂತಲ್ಲವೆಂದು ಹೇಳಿ ಅರ್ಧದಾರಿ ಹಿಂದಿರುಗಿತು. ಹದಿನಾರು ವರ್ಷ ಉಯ್ಯಾಲೆಯಾಡಿದಂತಾಯಿತು.

ಕಂಬದ ನಿಯಮವನ್ನು ಓದಿದಾಗ ನನಗಾದ ಸಂತೋಷವನ್ನು ಏನೆಂದು ಹೇಳಲಿ! ಕಂಬದ ಲೆಕ್ಕದಲ್ಲಿ ರಟ್ಟಿನವನೂ ಒಂದೇ, ಶಿಲ್ಪಿಯ ಕೈಯವನೂ ಒಂದೇ. ಸೋಡಾ ಬಾಟಲಿಯ ಮುಚ್ಚಳದಷ್ಟು ಅಗಲ, ಗೊತ್ತಾದಷ್ಟು ಎತ್ತರ. ಅಂಚು ತೋರಿಸಿದರೂ ಅವನು ಮಾಯವಾಗನು.

ಆದರೆ ಒಂದು ಸಂದೇಹ ಉಳಿದಿತ್ತು: ರೇಖೆಯನ್ನು ಕಂಬದ ಯಾವ ಬಿಂದುವಿನಿಂದ ಎಳೆಯಬೇಕು? ರಜೆಯಲ್ಲಿ ಊರಿಗೆ ಹೋದಾಗ ಅಪ್ಪನ ಜತೆ ಕೆಲಸಕ್ಕೆ ಹೋಗಿದ್ದೆ. ಅಪ್ಪ ಗಾರೆ ಕೆಲಸದವರು. ಎರಡು ತುದಿಗೂ ಮೊಳೆ ಹೊಡೆದು, ನೂಲು ಬಿಗಿದು, ಒಂದು ಕಣ್ಣು ಮುಚ್ಚಿ ಗೋಡೆಯ ಸಾಲನ್ನು ನೋಡುತ್ತಿದ್ದರು. ಮಧ್ಯಾಹ್ನ ಊಟಕ್ಕೆ ಕುಳಿತಾಗ ನಮ್ಮ ಜಗಳದ ಕತೆ ಹೇಳಿದೆ. ಮೋಸವೆಂದ ಮಾತನ್ನು ಬಿಟ್ಟು ಉಳಿದುದನ್ನೆಲ್ಲ ಹೇಳಿದೆ. ನಗುವರೆಂದುಕೊಂಡಿದ್ದೆ, ನಗಲಿಲ್ಲ. "ನೂಲು ಯಾವ ಮೊಳೆಯಿಂದ ಯಾವ ಮೊಳೆಗೆ ಅಂತ ಮೊದಲೇ ಮಾತಾಡಿಕೊಂಡಿದ್ರೇನಪ್ಪಾ?" ಎಂದು ಕೇಳಿದರು. ಇಲ್ಲ ಎಂದೆ. "ಮತ್ತೆ ಇಬ್ಬರೂ ಬೇರೆ ಬೇರೆ ಗೋಡೆ ನೋಡ್ತಿದ್ದೀರಿ" ಎಂದು ಕೈ ತೊಳೆಯಲು ಎದ್ದರು.

ನಿಯಮಗ್ರಂಥಗಳನ್ನು ಮತ್ತೆ ತೆರೆದಾಗ ಈ ಮೊಳೆಯ ಪ್ರಶ್ನೆಯೇ ಎಲ್ಲಕ್ಕೂ ತಳಹದಿಯೆಂದು ತಿಳಿಯಿತು. ಒಬ್ಬನ ಕಣ್ಣಿನಿಂದ ಇನ್ನೊಬ್ಬನ ಮೈಗೆ ರೇಖೆ ಎಳೆಯುವುದಾದರೆ, ನಾನು ನಿನ್ನನ್ನು ಕಂಡರೂ ನೀನು ನನ್ನನ್ನು ಕಾಣದಿರಬಹುದು. ಕೋಟೆಯ ಗೋಡೆಯ ಕಿಂಡಿಯ ಹಿಂದಿನ ಬಂದೂಕುದಾರನಿಗೆ ಹೊರಗಿನ ಬಯಲೆಲ್ಲ ಕಾಣುತ್ತದೆ. ಹೊರಗಿನವನಿಗೆ ಕಾಣುವುದು ಕಪ್ಪು ಸೀಳು. ಯುದ್ಧದಲ್ಲಿ ಅದು ಸತ್ಯವೇ. ಕಂಬದ ಯಾವ ಭಾಗದಿಂದಾದರೂ ಯಾವ ಭಾಗಕ್ಕಾದರೂ ರೇಖೆ ಎಳೆಯಬಹುದೆಂದರೆ, ನಾನು ಕಂಡರೆ ನೀನೂ ಕಾಣುವೆ. ರೇಖೆಗೆ ಆ ತುದಿ ಈ ತುದಿಯೆಂಬ ಭೇದವಿಲ್ಲ. ಇದರಲ್ಲಿ ನಿಜದ ಅಂಶ ಕಡಿಮೆ, ಜಗಳದ ಅಂಶವೂ ಕಡಿಮೆ. ನಾನು ಎರಡನೆಯ ಪಕ್ಷ.

ಬಿಂದುಗಳು ಗೊತ್ತಾದ ಮೇಲೆ ಉಳಿದುದು ಪ್ರೌಢಶಾಲೆಯ ರೇಖಾಗಣಿತ. ಗುಡ್ಡದ ಮೇಲಿರುವವನ ಕಣ್ಣು ಮೇಜಿನಿಂದ ೬ ಅಂಗುಲ ಎತ್ತರದಲ್ಲಿದೆಯೆನ್ನಿ. ಅವನಿಂದ ೧೨ ಅಂಗುಲ ದೂರದಲ್ಲಿ ೨ ಅಂಗುಲ ಎತ್ತರದ ಗೋಡೆಯಿದೆ. ಗೋಡೆಯ ನೆತ್ತಿಯನ್ನು ಸವರಿ ಹೋಗುವ ರೇಖೆಯು ೧೨ ಅಂಗುಲ ಸಾಗುವಷ್ಟರಲ್ಲಿ ೪ ಅಂಗುಲ ಇಳಿಯಿತು, ಎಂದರೆ ಮೂರಕ್ಕೆ ಒಂದು. ಉಳಿದ ೨ ಅಂಗುಲ ಇಳಿಯಲು ಇನ್ನು ೬ ಅಂಗುಲ ಸಾಗಬೇಕು. ಗೋಡೆಯ ಹಿಂದಿನ ಈ ೬ ಅಂಗುಲದ ನೆಲ ಅವನಿಗೆ ಕಾಣದು. ಸೈನ್ಯದವರು ಇದಕ್ಕೆ ಸತ್ತ ನೆಲವೆಂಬ ಅರ್ಥದ ಹೆಸರಿಟ್ಟಿದ್ದಾರೆ. ಆದರೆ ಅಲ್ಲಿ ನಿಲ್ಲುವವನ ಎತ್ತರ ೧ ಅಂಗುಲವಾದರೆ ಅವನು ಪೂರ್ತಿ ಅಡಗುವುದು ಗೋಡೆಯಿಂದ ೩ ಅಂಗುಲದವರೆಗೆ ಮಾತ್ರ. ಮೂರರಿಂದ ಆರರವರೆಗಿನ ನೆಲದಲ್ಲಿ ಅವನು ತಲೆಯಿಂದ ಮೊದಲ್ಗೊಂಡು ಸ್ವಲ್ಪ ಸ್ವಲ್ಪವಾಗಿ ಕಾಣುತ್ತ ಹೋಗುವನು. ಕಂಡರೂ ಕಾಪಿರುವುದು ಈ ಪಟ್ಟಿಯಲ್ಲಿಯೇ. ಗೋಡೆಗೆ ಮೈಯೊತ್ತಿ ನಿಲ್ಲುವುದು ಏಕೆ ಜಾಣತನವೆಂಬುದನ್ನು ಯಾವ ಸೇನಾನಿಯೂ ಹೇಳದೆಯೇ ಈ ತ್ರಿಭುಜ ಹೇಳಿಕೊಡುತ್ತದೆ.

ಈಗ ಕಾಪಿಗೆ ಎಷ್ಟು ಬೆಲೆ ಕಟ್ಟಬೇಕೆಂಬುದು. 'ಬೋಲ್ಟ್ ಆ್ಯಕ್ಷನ್' ಆಟದ ಎರಡನೆಯ ಆವೃತ್ತಿಯಲ್ಲಿ (೨೦೧೬) ಗುಂಡು ತಾಗಲು ದಾಳದಲ್ಲಿ ೩ ಅಥವಾ ಹೆಚ್ಚು ಬೀಳಬೇಕು. ಗುರಿಯು ಪೊದೆಯಂಥ ಮೆದು ಆಸರೆಯಲ್ಲಿದ್ದರೆ ದಾಳದಿಂದ ೧ ಕಳೆಯಬೇಕು, ಕಲ್ಲುಗೋಡೆಯಂಥ ಗಟ್ಟಿ ಆಸರೆಯಲ್ಲಿದ್ದರೆ ೨. ಹನ್ನೆರಡು ಗುಂಡು ಹಾರಿಸಿದರೆ ಸರಾಸರಿಯಲ್ಲಿ ಬಯಲಿನಲ್ಲಿ ೮ ತಾಗುತ್ತವೆ, ಪೊದೆಯಲ್ಲಿ ೬, ಗೋಡೆಯ ಹಿಂದೆ ೪. ಹೊಡೆಯುವವನು ನಡೆದು ಬಂದಿದ್ದು, ಗುರಿಯೂ ದೂರವಿದ್ದರೆ ಇನ್ನೂ ಎರಡು ಕಳೆಯಬೇಕು. ಆಗ ಬಯಲಿನಲ್ಲಿ ೪, ಪೊದೆಯಲ್ಲಿ ೨. ಗೋಡೆಯ ಹಿಂದಿನವನಿಗಾದರೋ ೭ ಬೇಕು. ದಾಳದಲ್ಲಿ ೭ ಇಲ್ಲ. ಒಮ್ಮೆ ೬ ಬಿದ್ದು, ಅದೇ ದಾಳ ಮತ್ತೆ ೬ ಬಿದ್ದರೆ ತಾಗಿತೆಂದು ನಿಯಮ. ಎಂದರೆ ೩೬ರಲ್ಲಿ ಒಂದು. ಹನ್ನೆರಡು ಗುಂಡಿಗೆ ಒಂದರ ಮೂರನೆಯ ಒಂದು ಪಾಲು. ಅದೇ ಗೋಡೆ, ಒಮ್ಮೆ ಪೆಟ್ಟನ್ನು ಅರ್ಧಕ್ಕಿಳಿಸಿತು, ಇನ್ನೊಮ್ಮೆ ಹನ್ನೆರಡನೆಯ ಒಂದಕ್ಕಿಳಿಸಿತು. 'ವಾರ್‌ಮಷೀನ್' ಆಟದಲ್ಲಿ ಎರಡು ದಾಳ ಕೂಡಿಸುತ್ತಾರೆ. ಮರೆಗೆ ೨, ಕಾಪಿಗೆ ೪ ಹೆಚ್ಚು ಬೀಳಬೇಕು. ಬಯಲಿನಲ್ಲಿ ೭ ಸಾಕಾಗಿದ್ದರೆ ೩೬ರಲ್ಲಿ ೨೧ ಸಲ ತಾಗುವುದು. ೯ ಬೇಕಾದರೆ ೧೦ ಸಲ. ೧೧ ಬೇಕಾದರೆ ೩ ಸಲ. ನಿಯಮದಲ್ಲಿ ಕಾಪು ಮರೆಯ ಇಮ್ಮಡಿ. ಫಲದಲ್ಲಿ ಇಮ್ಮಡಿಗಿಂತ ಮಿಗಿಲು.

ಇನ್ನೊಂದು ಬಗೆಯು ಏಟು ತಾಗಿದ ಮೇಲೆ ಉಳಿಯುವ ಅವಕಾಶ ಕೊಡುವುದು. 'ವಾರ್‌ಹ್ಯಾಮರ್' ಐದನೆಯ ಆವೃತ್ತಿಯಲ್ಲಿ ಹೆಚ್ಚಿನ ಆಸರೆಗಳಿಗೆ ೪ ಅಥವಾ ಹೆಚ್ಚು ಬಿದ್ದರೆ ಜೀವ ಉಳಿಯುತ್ತಿತ್ತು. ಆದರೆ ಕವಚ, ಆಸರೆ ಎರಡರಲ್ಲಿ ಒಂದನ್ನು ಮಾತ್ರ ಬಳಸಬೇಕು. ಕವಚದಿಂದ ೩ಕ್ಕೇ ಉಳಿಯುವವನಿಗೆ ಆ ಕವಚವನ್ನು ಭೇದಿಸುವ ಆಯುಧ ಎದುರಾಗದಿದ್ದರೆ ಗೋಡೆಯೇ ಬೇಡ. ಹರಕು ಅಂಗಿಯವನಿಗೆ ಗೋಡೆಯೇ ಗತಿ. ಎಂಟನೆಯ ಆವೃತ್ತಿಯಲ್ಲಿ (೨೦೧೭) ಇದನ್ನು ಬದಲಿಸಿ, ಆಸರೆಯಲ್ಲಿರುವವನ ಕವಚದ ದಾಳಕ್ಕೆ ೧ ಕೂಡಿಸಿದರು. ಕೇಳಲು ಸಮಾನವಾಗಿದೆ. ಲೆಕ್ಕ ನೋಡಿ: ೩ಕ್ಕೆ ಉಳಿಯುವವನು ಆರರಲ್ಲಿ ಎರಡು ಸಲ ಸಾಯುತ್ತಿದ್ದವನು ಈಗ ಒಂದು ಸಲ ಸಾಯುತ್ತಾನೆ, ಅವನ ಅಪಾಯ ಅರ್ಧವಾಯಿತು. ೬ಕ್ಕೆ ಉಳಿಯುವವನು ಐದು ಸಲ ಸಾಯುತ್ತಿದ್ದವನು ನಾಲ್ಕು ಸಲ ಸಾಯುತ್ತಾನೆ. ಅವನ ಅಪಾಯ ತಗ್ಗಿದುದು ಐದರಲ್ಲಿ ಒಂದು ಪಾಲು. ಒಂದೇ ಗೋಡೆ, ಇದ್ದವನಿಗೆ ಹೆಚ್ಚು ಕಾಯುತ್ತದೆ, ಇಲ್ಲದವನಿಗೆ ಕಡಿಮೆ. ನಿಯಮ ಬರೆದವರ ಉದ್ದೇಶ ಅದಾಗಿರಲಾರದು. ಆದರೂ ಅಂಕಗಣಿತಕ್ಕೆ ಉದ್ದೇಶ ಗೊತ್ತಾಗುವುದಿಲ್ಲ.

ಮರೆ ಕಾಪುಗಳನ್ನು ಅಚ್ಚುಕಟ್ಟಾಗಿ ಬೇರೆಮಾಡಿದ ಆಟವೆಂದರೆ 'ಫ್ಲೇಮ್ಸ್ ಆಫ್ ವಾರ್' (೨೦೦೨). ಅಲ್ಲಿ ಮರೆಯಿದ್ದರೆ ಗುರಿ ಮುಟ್ಟುವುದೇ ಕಷ್ಟ: ದಾಳದಲ್ಲಿ ೧ ಹೆಚ್ಚು ಬೇಕು. ಕಾಪಿದ್ದರೆ, ಗುರಿ ಮುಟ್ಟಿ, ಎದುರಿನವನ ರಕ್ಷಣೆಯ ದಾಳವೂ ಸೋತ ಮೇಲೆ, ಹೊಡೆದವನು ಮತ್ತೊಂದು ದಾಳ ಹಾಕಿ ತನ್ನ ಆಯುಧವು ಗೋಡೆಯನ್ನೋ ಕಂದಕವನ್ನೋ ಭೇದಿಸಿತೆಂದು ತೋರಿಸಬೇಕು. ಸಾದಾ ಬಂದೂಕಿಗೆ ಅದರಲ್ಲಿ ೬ ಬೀಳಬೇಕು. ದಾಳ ಹೆಚ್ಚಾಗಿ ಆಟ ನಿಧಾನವಾಗುವುದೇನೋ ನಿಜ. ಆದರೆ ಪೊದೆಯೂ ಕಲ್ಲೂ ಬೇರೆ ಬೇರೆ ಎಂಬುದನ್ನು ಮರೆಯಲು ಅದು ಯಾರಿಗೂ ಬಿಡುವುದಿಲ್ಲ.

ಗುಂಪಿನಲ್ಲಿ ಕೆಲವರು ಮಾತ್ರ ಮರೆಯಲ್ಲಿದ್ದರೆ ಏನು, ತನ್ನವರೇ ಅಡ್ಡ ಬಂದರೆ ಏನು ಎಂಬ ಉಪನಿಯಮಗಳು ಒಂದೊಂದು ಆಟಕ್ಕೆ ಒಂದೊಂದು ಬಗೆಯಾಗಿವೆ. ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಜನ ಆಸರೆಯಲ್ಲಿದ್ದರೆ ಗುಂಪಿಗೆಲ್ಲ ಆಸರೆ ಎಂಬುದು ಸಾಮಾನ್ಯವಾಗಿ ಕಾಣುವ ಏರ್ಪಾಡು. ಅವನ್ನೆಲ್ಲ ಬರೆದರೆ ಸಂಪಾದಕರ ತಾಳ್ಮೆಯನ್ನು ಪರೀಕ್ಷಿಸಿದಂತಾದೀತು.

ರಜೆ ಮುಗಿಸಿ ಬರುವಾಗ ಅಪ್ಪನ ಹಳೆಯ ನೂಲಿನ ಉಂಡೆಯೊಂದನ್ನು ತಂದೆ. ನಾನಾಗಿ ಆಟದ ಮಾತೆತ್ತಲಿಲ್ಲ. ಒಂದು ಸಂಜೆ ಗೆಳೆಯನೇ, ಜಗಳದ ದಿನ ತನ್ನ ಮೊಬೈಲಿನಲ್ಲಿ ತೆಗೆದಿದ್ದ ಚಿತ್ರವನ್ನು ತೋರಿಸಿ, "ಇದನ್ನು ಹೀಗೆಯೇ ಮತ್ತೆ ಇಟ್ಟು ನೋಡೋಣವೆ?" ಎಂದ. ಟ್ರಂಕು, ನಿಘಂಟು, ನನ್ನ ಐವರು, ಅವನ ಒಬ್ಬ, ಎಲ್ಲವನ್ನೂ ಚಿತ್ರದಲ್ಲಿದ್ದಂತೆ ಇಟ್ಟೆವು. ಕಂಬಕ್ಕೆ ಏನು ಮಾಡುವುದೆಂದು ಹುಡುಕಿ, ಗುಂಡಿ ಹೊಲಿಯಲು ಇಟ್ಟುಕೊಂಡಿದ್ದ ದಾರದ ರೀಲನ್ನು ಗೊತ್ತುಮಾಡಿದೆವು: ರಟ್ಟಿನವನಿಗೂ ಪ್ಲಾಸ್ಟಿಕ್ಕಿನವನಿಗೂ ಅದೇ ಅಗಲ, ಅದೇ ಎತ್ತರ. ರೀಲಿನ ಯಾವ ಭಾಗದಿಂದ ಯಾವ ಭಾಗಕ್ಕಾದರೂ ನೂಲು ಹಿಡಿಯಬಹುದೆಂದು ಮೊದಲು ಬಾಯಲ್ಲಿ ಹೇಳಿ, ಆಮೇಲೆ ಕಾಗದದಲ್ಲಿ ಬರೆದು, ಇಬ್ಬರೂ ಸಹಿ ಹಾಕಿದೆವು. ಸಹಿಯ ಸಲಹೆ ಅವನದು.

ನೂಲಿನ ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಐವರಲ್ಲಿ ಮೂವರ ರೀಲಿಗೆ ನೂಲು ನಿಘಂಟನ್ನು ಮುಟ್ಟದೆ ಬಂದು ತಾಗಿತು. ಅವನಿಗೆ ನನ್ನವರು ಕಂಡಿದ್ದರು. ಅದರಲ್ಲಿ ಸಂದೇಹವಿಲ್ಲ, ಒಪ್ಪಿಕೊಂಡೆ. ಆದರೆ ಐವರಲ್ಲಿ ಒಬ್ಬೊಬ್ಬನ ರೀಲೂ ಅರ್ಧಕ್ಕಿಂತ ಹೆಚ್ಚು ನಿಘಂಟಿನ ಹಿಂದೆಯೇ ಇತ್ತು, ಮತ್ತು ನಿಘಂಟನ್ನು ಕಲ್ಲುಗೋಡೆಯೆಂದು ಆಟದ ಮೊದಲೇ ಇಬ್ಬರೂ ಒಪ್ಪಿದ್ದೆವು. ದೂರ ಅಳೆದೆವು: ೧೧ ಅಂಗುಲ, ಅವನವನು ನಡೆದಿರಲಿಲ್ಲ. ಬಯಲಿನಲ್ಲಿ ೩ ಸಾಕು. ಗಟ್ಟಿ ಆಸರೆಗೆ ೫ ಬೇಕು. ಅಂದು ಬಿದ್ದುದು ೪.

ಗೆಳೆಯನು ಸ್ವಲ್ಪ ಹೊತ್ತು ಚಿತ್ರವನ್ನೇ ನೋಡುತ್ತಿದ್ದ. ಬಳಿಕ ಉರುಳಿಸಿಟ್ಟಿದ್ದ ನನ್ನ ರಟ್ಟಿನವನನ್ನು ಎತ್ತಿ ನಿಘಂಟಿನ ಹಿಂದೆ ಮೊದಲಿದ್ದ ಜಾಗದಲ್ಲಿ ನಿಲ್ಲಿಸಿ, "ನಿನ್ನ ಸರದಿ" ಎಂದ. ಆ ಆಟವನ್ನು ಬಿಟ್ಟಲ್ಲಿಂದ ಮುಂದುವರಿಸಿದೆವು. ರಾತ್ರಿ ಹನ್ನೊಂದಕ್ಕೆ ನಾನು ಸೋತೆ. ಮರುದಿನ ಬೆಳಿಗ್ಗೆ ಅವನ ಮೇಜಿನ ಮೇಲೆ ಎರಡು ಮದುವೆಯ ಕರೆಯೋಲೆಗಳಿದ್ದುವು, ದಪ್ಪ ರಟ್ಟಿನವು. ತನ್ನ ಸೇನೆಗೂ ಹತ್ತು ಜನ ಕಡಿಮೆಯಿದ್ದಾರೆ, ಕತ್ತರಿಸಿಕೊಡು ಎಂದ.